ಜರ್ಮನಿಯ ಗೆಳತಿಗೆ ಯಕ್ಷಗಾನ ಕಲಿಯಬೇಕಂತೆ: ಡಿಸೆಂಬರ್‌ನಲ್ಲಿ ಬರಬಹುದಾ?

ನೀವು ಕೇಳಿದ್ದು ಇಷ್ಟು: ನೀವು ಸ್ಟುಟ್‌ಗಾರ್ಟ್‌ನಲ್ಲಿದ್ದೀರಿ. ಜೊತೆಗೆ ಕೆಲಸ ಮಾಡುವ ಜರ್ಮನ್ ಗೆಳತಿಗೆ ಒಂದು ವರ್ಷ ರಜೆ ಸಿಕ್ಕಿದೆ. ಭಾರತಕ್ಕೆ ಬಂದು ಭರತನಾಟ್ಯವೋ ಯಕ್ಷಗಾನವೋ ಕಲಿಯುವ ಆಸೆ. ಡಿಸೆಂಬರ್‌ನಲ್ಲಿ ಹೊರಡುವ ಯೋಚನೆ. ಎಲ್ಲಿ ಸೇರಬೇಕು, ಯಾವ ವೀಸಾ, ಭಾಷೆ ಬರದಿದ್ದರೆ ನಡೆಯುತ್ತಾ?

ಭರತನಾಟ್ಯವಾದರೆ ಡಿಸೆಂಬರ್ ಆಗಬಹುದು. ಯಕ್ಷಗಾನವಾದರೆ ಖಂಡಿತ ಬೇಡ. ಜೂನ್‌ನಲ್ಲಿ ಬರಲಿ.

ನಾನು ಕಲಾವಿದನಲ್ಲ. ಉಡುಪಿ ಹತ್ತಿರ ನಮ್ಮ ಮನೆ. ಮಹಡಿ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತೇವೆ. ಸುಮಾರು ಹದಿನೈದು ವರ್ಷದಲ್ಲಿ ಐದು ಜನ ವಿದೇಶಿ ವಿದ್ಯಾರ್ಥಿಗಳು ಅಲ್ಲಿದ್ದು ಹೋಗಿದ್ದಾರೆ. ಅವರನ್ನು ಬೈಕಿನಲ್ಲಿ ಗುರುಗಳ ಮನೆಗೆ ಬಿಡುವುದು, ಬ್ಯಾಂಕಿಗೆ ಕರೆದುಕೊಂಡು ಹೋಗುವುದು, ಜ್ವರ ಬಂದರೆ ಗಂಜಿ ಕೊಡುವುದು, ಇಷ್ಟೇ ನನ್ನ ಅನುಭವ. ಹಾಗಾಗಿ ಕಲೆಯ ಬಗ್ಗೆ ದೊಡ್ಡ ಮಾತು ನನ್ನಿಂದ ನಿರೀಕ್ಷಿಸಬೇಡಿ. ಯಾರು ಕಲಿತು ಹೋದರು, ಯಾರು ಸುಮ್ನೆ ಫೋಟೋ ತೆಗೆಸಿಕೊಂಡು ಹೋದರು ಅನ್ನುವುದು ಮಾತ್ರ ಗೊತ್ತು.

ಜೂನ್ ಯಾಕೆ ಅಂದರೆ, ನಮ್ಮ ಕಡೆ ಮೇಳಗಳ, ಅಂದರೆ ಯಕ್ಷಗಾನ ತಂಡಗಳ ತಿರುಗಾಟ ದೀಪಾವಳಿ ಕಳೆದು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಮೇ ಕೊನೆಗೆ, ತುಳುನಾಡಿನಲ್ಲಿ ಪತ್ತನಾಜೆ ಅನ್ನುವ ದಿನದ ಹೊತ್ತಿಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತಾರೆ. ಆ ಆರು ತಿಂಗಳು ಕಲಾವಿದರಿಗೆ ದಿನಾ ಒಂದೊಂದು ಊರಲ್ಲಿ ಆಟ, ಅಂದರೆ ಪ್ರದರ್ಶನ. ಹಗಲು ನಿದ್ದೆ. ವಿದೇಶದವರು ಹವೆ ಚೆನ್ನಾಗಿದೆ ಅಂತ ಡಿಸೆಂಬರ್‌ನಲ್ಲಿ ಬಂದು, ಗುರುಗಳ ಮನೆ ಬಾಗಿಲಲ್ಲಿ ಹನ್ನೊಂದು ಗಂಟೆಗೆ ನಿಲ್ಲುತ್ತಾರೆ. ಒಳಗಿಂದ ಗೊರಕೆ ಕೇಳುತ್ತದೆ. ನಮ್ಮ ಮನೆಯಲ್ಲಿದ್ದ ಒಬ್ಬ ಫ್ರೆಂಚ್ ಹುಡುಗ ಹೀಗೆ ಎರಡು ತಿಂಗಳಲ್ಲಿ ಒಟ್ಟು ಒಂಬತ್ತು ಪಾಠ ಹೇಳಿಸಿಕೊಂಡ. ಪಾಪ, ಯಾರ ತಪ್ಪೂ ಅಲ್ಲ.

ಮಳೆಗಾಲದಲ್ಲಿ ಕತೆ ಬೇರೆ. ಕಲಾವಿದರು ಮನೆಯಲ್ಲಿರುತ್ತಾರೆ. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗುತ್ತಾರೆ, ಹಲವರು ಪಾಠ ಹೇಳುತ್ತಾರೆ. ತಾಳಮದ್ದಳೆ ಕೂಟಗಳೂ ಆಗಲೇ ಜಾಸ್ತಿ. ವೇಷವಿಲ್ಲ, ಕುಣಿತವಿಲ್ಲ, ಕೂತು ಪದ ಮತ್ತು ಮಾತು ಮಾತ್ರ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಭಾಷೆಯ ತರಗತಿ ಇಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೆಜ್ಜೆ, ತಾಳ, ಭಾಷೆ. ನವೆಂಬರ್‌ನಿಂದ ರಾತ್ರಿ ಆಟ ನೋಡುವುದು. ಒಂದು ವರ್ಷವನ್ನು ಹೀಗೆ ಎರಡು ಪಾಲು ಮಾಡಿಕೊಂಡರೆ ಅಚ್ಚುಕಟ್ಟು.

ಇನ್ನು ಎಲ್ಲಿ ಅನ್ನುವುದು. ಸಿಲೆಬಸ್, ಹಾಸ್ಟೆಲ್, ಸರ್ಟಿಫಿಕೇಟ್ ಎಲ್ಲ ಬೇಕು ಅಂದರೆ ಭರತನಾಟ್ಯಕ್ಕೆ ಚೆನ್ನೈನ ಕಲಾಕ್ಷೇತ್ರ ಇದೆ, ರುಕ್ಮಿಣಿ ದೇವಿ ಅರುಂಡೇಲ್ 1936ರಲ್ಲಿ ಕಟ್ಟಿದ್ದು. ಕಥಕ್ಕಳಿಗೆ ಕೇರಳ ಕಲಾಮಂಡಲಂ, 1930ರದ್ದು. ಬೆಂಗಳೂರಿನ ಪಕ್ಕ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಇದೆ, ಅಲ್ಲಿ ಒಡಿಸ್ಸಿ. ಇವಕ್ಕೆ ವಿದೇಶಿ ವಿದ್ಯಾರ್ಥಿಗಳು ಹೊಸಬರಲ್ಲ. ಆದರೆ ಕಲಾಕ್ಷೇತ್ರದ ಡಿಪ್ಲೊಮಾ ನಾಲ್ಕು ವರ್ಷದ್ದು. ನಿಮ್ಮ ಗೆಳತಿಗೆ ಇರುವುದು ಒಂದೇ ವರ್ಷ ಅಲ್ವಾ.

ಯಕ್ಷಗಾನಕ್ಕೆ ಉಡುಪಿಯ ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರ ಇದೆ. 1971ರಲ್ಲಿ ಶುರುವಾಯಿತು, ಶಿವರಾಮ ಕಾರಂತರ ಆಸಕ್ತಿ ಅದರ ಹಿಂದಿತ್ತು. ಬನ್ನಂಜೆ ಸಂಜೀವ ಸುವರ್ಣರು ಅಲ್ಲಿ ದಶಕಗಟ್ಟಲೆ ಕಲಿಸಿದವರು. ಉತ್ತರ ಕನ್ನಡದ ಕಡೆ ಹೊನ್ನಾವರದ ಹತ್ತಿರ ಗುಣವಂತೆಯಲ್ಲಿ ಕೆರೆಮನೆಯವರ ಶ್ರೀಮಯ ಕಲಾಕೇಂದ್ರ ಇದೆ. ಅವರ ಮೇಳ 1934ರದ್ದು. ಇದಲ್ಲದೆ ಮನೆಯಲ್ಲೇ ಹೇಳಿಕೊಡುವ ಗುರುಗಳು ಬೇಕಾದಷ್ಟಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲು ಒಂದು ವಾರ ಸುಮ್ನೆ ತಿರುಗಾಡಿ, ಎರಡು ಮೂರು ಕಡೆ ತರಗತಿ ನೋಡಿ, ಆಮೇಲೆ ಒಬ್ಬರನ್ನು ಹಿಡಿಯಬೇಕು. ಹಿಡಿದ ಮೇಲೆ ಬಿಡಬಾರದು. ಯಕ್ಷಗಾನದಲ್ಲಿ ಬಡಗು, ತೆಂಕು ಅಂತ ಎರಡು ಶೈಲಿ ಇವೆ; ಎರಡು ಗುರುಗಳ ಹತ್ತಿರ ಒಟ್ಟಿಗೆ ಹೋದರೆ ಬಡಗಿನ ಹೆಜ್ಜೆಗೆ ತೆಂಕಿನ ಕೈ ಸೇರಿ ಎರಡೂ ಕೆಡುತ್ತದೆ.

ಹತ್ತು ದಿನದ ವರ್ಕ್‌ಶಾಪ್ ಪ್ಯಾಕೇಜುಗಳೂ ಸಿಗುತ್ತವೆ. ಕೊನೆಯ ದಿನ ಬಣ್ಣ ಹಚ್ಚಿ ಕಿರೀಟ ಇಟ್ಟು ಫೋಟೋ. ಪ್ರವಾಸಿಗಳಿಗೆ ಅದು ಸಾಕು. ಒಂದು ವರ್ಷ ಇಟ್ಟುಕೊಂಡವರು ಅದಕ್ಕೆ ದುಡ್ಡು ಹಾಕಬಾರದು.

ಈಗ ಭಾಷೆ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನನಗೇ ಗೊತ್ತಿಲ್ಲದ ಒಂದು ವಿಷಯ ನಮ್ಮ ಮನೆಯಲ್ಲಿದ್ದ ಜರ್ಮನ್ ಹುಡುಗಿಯಿಂದ ಗೊತ್ತಾಯಿತು. ಅವಳು ಊರಲ್ಲೇ ಪುಸ್ತಕದ ಕನ್ನಡ ಕಲಿತು ಬಂದಿದ್ದಳು. ಮೊದಲ ದಿನ ನಮ್ಮಮ್ಮ ಊಟ ಆಯ್ತಾ ಅಂತ ಕೇಳಿದರೆ, ‘ನಾನು ಊಟವನ್ನು ಮಾಡಿದೆನು’ ಅಂದಳು. ನಾವೆಲ್ಲ ನಕ್ಕುಬಿಟ್ಟೆವು. ಅವಳಿಗೆ ಬೇಜಾರಾಗಿ ಒಂದು ವಾರ ಬಾಯಿ ಬಿಡಲಿಲ್ಲ. ಪೇಟೆಯಲ್ಲಿ ತುಳು, ಗುರುಗಳ ತಮಾಷೆಯೆಲ್ಲ ಕುಂದಾಪ್ರ ಕನ್ನಡದಲ್ಲಿ, ಅವಳು ಕಲಿತದ್ದು ಎಲ್ಲೂ ಕೇಳಿಸುತ್ತಿರಲಿಲ್ಲ.

ಅರ್ಥ ಹೇಳುವ ಅಭ್ಯಾಸ ಶುರುವಾಯಿತು ನೋಡಿ, ಆಗ ಆಟ ತಿರುಗಿತು. ಯಕ್ಷಗಾನದಲ್ಲಿ ಪದ ಹಾಡುವ ಭಾಗವತರದ್ದು, ಮಾತು ವೇಷಧಾರಿಯದ್ದು. ಆ ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಕಟ್ಟಬೇಕು. ಮತ್ತು ಅದರಲ್ಲಿ ಒಂದೇ ಒಂದು ಇಂಗ್ಲಿಷ್ ಶಬ್ದ ಬರುವ ಹಾಗಿಲ್ಲ. ನಮ್ಮ ಪಕ್ಕದ ಮನೆಯ ಹುಡುಗ ಅಭಿಮನ್ಯು. ಎದೆ ಉಬ್ಬಿಸಿ, ‘ಯುದ್ಧಕ್ಕೆ ಟೈಮಾಯಿತು’ ಅಂದುಬಿಟ್ಟ. ಗುರುಗಳು ತಾಳ ಕೆಳಗಿಟ್ಟರು. ಈ ಹುಡುಗಿ ಮೂಲೆಯಿಂದ ಮೆಲ್ಲಗೆ, ‘ಸಮಯವು ಸನ್ನಿಹಿತವಾಯಿತು’ ಅಂದಳು. ಒಂದು ಕ್ಷಣ ಎಲ್ಲ ಸುಮ್ಮನಾದರು. ಚೆಂಡೆಯವರು, ‘ಇವಳು ನೇರ ಧರ್ಮರಾಯನ ಮನೆಯಿಂದಲೇ ಬಂದವಳು’ ಅಂದರು. ಅವಳ ಪುಸ್ತಕದ ಕನ್ನಡ ಅಂಗಡಿಯಲ್ಲಿ ನಡೆಯದಿದ್ದರೂ ರಂಗಸ್ಥಳದಲ್ಲಿ ನಡೆಯುತ್ತಿತ್ತು. ಕಿಸ್ಸೆಯಲ್ಲಿ ಮೊಬೈಲ್ ಇಟ್ಟುಕೊಂಡ ನಮ್ಮ ಮಕ್ಕಳು ಅವಳಿಂದ ಶಬ್ದ ಕೇಳಿಸಿಕೊಳ್ಳುವ ಹಾಗಾಯಿತು.

ಹಾಗಾಗಿ ಭಾಷೆ ಬರದೆ ಕುಣಿತ ಕಲಿಯಬಹುದು, ಯಕ್ಷಗಾನ ಕಲಿಯಲಾಗದು. ಅರ್ಧ ಆಟ ಬಾಯಲ್ಲೇ ಇರುವುದು. ಜರ್ಮನಿಯಲ್ಲೇ ಶುರು ಮಾಡಲು ದಾರಿಯಿದೆ: ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತಾರೆ. ಸ್ಟುಟ್‌ಗಾರ್ಟ್‌ನಿಂದ ಅದೇನು ದೂರವಲ್ಲ. ಅದೂ ಆಗದಿದ್ದರೆ ನೀವೇ ಇದ್ದೀರಲ್ಲ. ದಿನಾ ಊಟದ ಹೊತ್ತಿಗೆ ಅರ್ಧ ಗಂಟೆ ಕನ್ನಡ ಮಾತಾಡಿಸಿ, ದುಡ್ಡು ಖರ್ಚಿಲ್ಲ.

ಊರಲ್ಲೇ ಶುರು ಮಾಡಿ ಬರುವುದು ಹೊಸ ಉಪಾಯವೇನಲ್ಲ. ಕರ್ನಾಟಕ ಸಂಗೀತದಲ್ಲಿ ಹಿಗ್ಗಿನ್ಸ್ ಭಾಗವತರ್ ಅಂತ ಹೆಸರಾದ ಜಾನ್ ಹಿಗ್ಗಿನ್ಸ್ ಅಮೆರಿಕದವರು. ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬ್ರೌನ್, ಟಿ. ರಂಗನಾಥನ್ ಅವರ ಹತ್ತಿರ ಮೊದಲು ಕಲಿತು, ಆಮೇಲೆ 1960ರ ದಶಕದಲ್ಲಿ ಫುಲ್‌ಬ್ರೈಟ್ ವೇತನ ಪಡೆದು ಟಿ. ವಿಶ್ವನಾಥನ್ ಅವರ ಹತ್ತಿರ ಕಲಿಯಲು ಮದ್ರಾಸಿಗೆ ಬಂದರು. ತಿರುವಯ್ಯಾರಿನ ತ್ಯಾಗರಾಜ ಆರಾಧನೆಯಲ್ಲಿ ಹಾಡಿದರು. ನಮ್ಮ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಅವರ ದನಿಯಲ್ಲಿ ಕೇಳಿ ಒಮ್ಮೆ. ಯಕ್ಷಗಾನಕ್ಕೆ ಬಂದರೆ, ಮಾರ್ತಾ ಆಶ್ಟನ್ ಅನ್ನುವ ಅಮೆರಿಕದ ಮಹಿಳೆ ಮದ್ದಳೆಯ ಹಿರಿಯಡಕ ಗೋಪಾಲರಾಯರ ಶಿಷ್ಯೆ. 1977ರಲ್ಲಿ ಅವರು ಬ್ರೂಸ್ ಕ್ರಿಸ್ಟಿ ಜೊತೆ ಸೇರಿ ಯಕ್ಷಗಾನದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ಜರ್ಮನಿಯ ಕತ್ರಿನ್ ಬಿಂದರ್ ಕನ್ನಡವನ್ನೂ ಯಕ್ಷಗಾನವನ್ನೂ ಕಲಿತವರು. ನಿಮ್ಮ ಗೆಳತಿ ಮೊದಲಿಗಳಲ್ಲ, ಧೈರ್ಯವಾಗಿ ಬರಲಿ.

ಧೈರ್ಯ ಬೇಕು ಅಂದದ್ದು ಮೈಗೂ ಸೇರಿ. ಮಂಡಿ ಹಾಕುವುದು ಅಂತ ಇದೆ, ಮೊಣಕಾಲಿನ ಮೇಲೆ ಗಿರಗಿರನೆ ತಿರುಗುವುದು. ಒಂದು ತಿಂಗಳು ನಮ್ಮ ಮನೆಯಲ್ಲಿದ್ದ ಆ ಜರ್ಮನ್ ಹುಡುಗಿಯ ಮಂಡಿ ನೇರಳೆ ಹಣ್ಣಿನ ಬಣ್ಣ. ಅಮ್ಮ ರಾತ್ರಿ ಮುರಿವೆಣ್ಣೆ ಬಿಸಿ ಮಾಡಿ ಹಚ್ಚುತ್ತಿದ್ದರು. ಮೊದಲ ಸಲ ಮುಂಡಾಸು ಕಟ್ಟಿದ ದಿನ ನಾನೂ ಚೌಕಿಯಲ್ಲಿದ್ದೆ, ಅಂದರೆ ವೇಷ ಕಟ್ಟುವ ಜಾಗದಲ್ಲಿ. ಬಡಗಿನ ಮುಂಡಾಸು ಟೋಪಿಯ ಹಾಗೆ ತೆಗೆದು ಇಡುವಂಥದ್ದಲ್ಲ. ತಲೆಯ ಮೇಲೆ ಅಟ್ಟೆ ಇಟ್ಟು, ಬಟ್ಟೆ ಸುತ್ತಿ ಸುತ್ತಿ, ಜರಿ ಪಟ್ಟಿ ಎಳೆದೆಳೆದು ಕಟ್ಟುತ್ತಾರೆ. ಹಗ್ಗ ಬಿಗಿಯುವವರು ಅವಳ ಬೆನ್ನಿಗೆ ಕಾಲು ಕೊಡುವುದೊಂದು ಬಾಕಿ. ಸಡಿಲ ಬಿಟ್ಟರೆ ಹಾರಿ ತಿರುಗುವಾಗ ಉದುರುತ್ತದೆ. ಇಪ್ಪತ್ತು ನಿಮಿಷಕ್ಕೆ ಅವಳ ಮುಖ ಬಿಳಿಚಿಕೊಂಡಿತು, ಬಿಚ್ಚಿ ಅಂತ ಕೈ ಸನ್ನೆ ಮಾಡಿದಳು. ಬಿಚ್ಚಿದರು. ಹಣೆ ಸುತ್ತ ಕೆಂಪು ಗೆರೆ. ನೀರು ಕುಡಿದು, ಐದು ನಿಮಿಷ ಕಂಬಕ್ಕೆ ಒರಗಿ ಕೂತು, ‘ಇನ್ನೊಮ್ಮೆ’ ಅಂದಳು. ಆ ರಾತ್ರಿ ಅವಳು ಕುಣಿದದ್ದು ಕತೆ ಶುರುವಾಗುವ ಮುಂಚಿನ ಪೂರ್ವರಂಗದ ಬಾಲಗೋಪಾಲ, ಹತ್ತು ನಿಮಿಷ ಇರಬಹುದು. ಅದಕ್ಕೆ ಮುಂಡಾಸೇ ಬೇಕಿರಲಿಲ್ಲ, ಅದು ಬೇರೆ ವಿಷಯ.

ಒಂದು ಮಾತು ಮುಂಚೆಯೇ ಹೇಳಿಬಿಡಿ. ಭಕ್ತರು ಹರಕೆ ಹೊತ್ತು ಆಡಿಸುವ ಆಟಗಳ ದೇವಸ್ಥಾನದ ಮೇಳಗಳಲ್ಲಿ ವೇಷ ಹಾಕುವವರು ಗಂಡಸರು. ಹೆಂಗಸರಿಗೆ ಹವ್ಯಾಸಿ ತಂಡ, ಮಹಿಳಾ ತಂಡ, ಕೇಂದ್ರಗಳ ಪ್ರದರ್ಶನ ಇವೆ. ಇದು ನನಗೆ ಸರಿ ಕಾಣುವುದಿಲ್ಲ, ಆದರೆ ಇರುವುದು ಹೀಗೆ. ಬಂದ ಮೇಲೆ ಗೊತ್ತಾಗಿ ಮನಸ್ಸು ಮುರಿಯುವುದಕ್ಕಿಂತ ಈಗಲೇ ಗೊತ್ತಿರಲಿ.

ವೀಸಾ. ಟೂರಿಸ್ಟ್ ವೀಸಾದಲ್ಲಿ ಸಂಗೀತ, ನೃತ್ಯ, ಭಾಷೆ ಇಂಥದ್ದನ್ನು ಕಲಿಯಲು ಅವಕಾಶ ಇದೆ, ಆದರೆ ಆರು ತಿಂಗಳ ಒಳಗಿನದ್ದಾಗಿರಬೇಕು, ಸರ್ಟಿಫಿಕೇಟ್ ಕೊಡುವ ಕಟ್ಟುನಿಟ್ಟಿನ ಕೋರ್ಸ್ ಆಗಿರಬಾರದು. ಒಂದು ವರ್ಷಕ್ಕೆ ಸ್ಟೂಡೆಂಟ್ ವೀಸಾನೇ ಬೇಕು. ಅದಕ್ಕೆ ಮಾನ್ಯತೆ ಇರುವ ಸಂಸ್ಥೆಯ ಪ್ರವೇಶ ಪತ್ರ ಬೇಕು. ಮನೆಯಲ್ಲಿ ಕಲಿಸುವ ಗುರುಗಳ ಚೀಟಿ ನಡೆಯುವುದಿಲ್ಲ. ಈ ಹುಡುಗಿಗೆ ಪೆಟ್ಟು ಬಿದ್ದದ್ದು ಇಲ್ಲೇ. ಒಂದು ಸಂಸ್ಥೆಯವರು ಪತ್ರದಲ್ಲಿ ವರ್ಷದ ಕೋರ್ಸ್ ಅಂತ ಬರೆಯುವ ಬದಲು ಬರೀ ವರ್ಕ್‌ಶಾಪ್ ಅಂತ ಬರೆದು ಕಳಿಸಿದರು. ಸಿಕ್ಕಿದ್ದು ಟೂರಿಸ್ಟ್ ವೀಸಾ. ಜೂನ್‌ನಲ್ಲಿ ಬಂದವಳು ನವೆಂಬರ್ ಕೊನೆಗೆ ಹೊರಡಬೇಕಾಯಿತು. ಮೇಳಗಳು ಗೆಜ್ಜೆ ಕಟ್ಟಿ ಹೊರಟ ಹೊತ್ತು. ಐದು ತಿಂಗಳು ಕಲಿತು, ಮೂರೇ ಆಟ ನೋಡಿ ವಿಮಾನ ಹತ್ತಿದಳು. ಆ ಪತ್ರ ಕೈಗೆ ಬಂದ ಕೂಡಲೇ ಒಂದೊಂದು ಸಾಲೂ ಓದಿ, ಅವಧಿ ಎಷ್ಟು ಅಂತ ನೋಡಿ.

ವಿದ್ಯಾರ್ಥಿವೇತನ ಬೇಕಾದರೆ ಐಸಿಸಿಆರ್ ಇದೆ, 1950ರಿಂದ ಇರುವ ಸರ್ಕಾರಿ ಸಂಸ್ಥೆ. ನೃತ್ಯ, ಸಂಗೀತಕ್ಕೆ ಲತಾ ಮಂಗೇಶ್ಕರ್ ಹೆಸರಿನಲ್ಲೇ ಒಂದು ಯೋಜನೆ ಇದೆ. ಅರ್ಜಿ ಆನ್‌ಲೈನ್. ಬರ್ಲಿನ್‌ನ ಟ್ಯಾಗೋರ್ ಸೆಂಟರ್‌ನಲ್ಲಿ ವಿಚಾರಿಸಲಿ.

ಬಂದ ಮೇಲೆ ಎರಡು ಕೆಲಸ. ಆರು ತಿಂಗಳಿಗಿಂತ ಹೆಚ್ಚಿನ ವೀಸಾ ಆದರೆ ಹದಿನಾಲ್ಕು ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಣಿ, ಅದೂ ಈಗ ಆನ್‌ಲೈನ್. ಎರಡನೆಯದು ಮನೆ ಕೊಟ್ಟವರ ಕೆಲಸ. ವಿದೇಶದವರು ಬಂದು ಇಪ್ಪತ್ತನಾಲ್ಕು ಗಂಟೆಯೊಳಗೆ ಅವರ ವಿವರ ಕಳಿಸಬೇಕು, ನಾವೆಲ್ಲ ಸಿ ಫಾರ್ಮ್ ಅನ್ನುತ್ತಿದ್ದದ್ದು. ಅಪ್ಪನಿಗೆ ಮೊದಲ ಸಲ ಇದು ಗೊತ್ತೇ ಇರಲಿಲ್ಲ. ಹತ್ತನೇ ದಿನ ಪೊಲೀಸರು ಬಂದರು. ‘ನಾವೇನು ಲಾಡ್ಜ್ ನಡೆಸ್ತೇವಾ?’ ಅಂತ ಅಪ್ಪ ಜೋರು ಮಾಡಿದರು. ಕೊನೆಗೆ ಸ್ಟೇಷನ್ನಿಗೆ ಹೋಗಿ ತಪ್ಪಾಯಿತು ಅಂತ ಬರೆದುಕೊಟ್ಟು ಬಂದರು. ಮನೆ ನೋಡುವಾಗ ಓನರಿಗೆ ಇದು ಗೊತ್ತಿದೆಯಾ ಅಂತ ಮೊದಲು ಕೇಳಿ.

ಗುರುದಕ್ಷಿಣೆ ಎಷ್ಟು ಅಂತ ಗುರುಗಳನ್ನು ನೇರ ಕೇಳಿದರೆ, ‘ನಿಮ್ಮ ಇಷ್ಟ’ ಅನ್ನುತ್ತಾರೆ. ಅದನ್ನು ನಂಬಿ ಕಡಿಮೆ ಕೊಡಬಾರದು. ಹಳೆಯ ಶಿಷ್ಯರೊಬ್ಬರನ್ನು ಪಕ್ಕಕ್ಕೆ ಕರೆದು ಕೇಳಿದರೆ ಸರಿಯಾದ ಲೆಕ್ಕ ಸಿಗುತ್ತದೆ. ತಿಂಗಳು ತಿಂಗಳು, ಕೇಳಿಸಿಕೊಳ್ಳದೆ, ಲಕೋಟೆಯಲ್ಲಿ ಹಾಕಿ ಕೊಡಲಿ.

ಆ ಹುಡುಗಿ ಎರಡು ವರ್ಷ ಬಿಟ್ಟು ಮತ್ತೆ ಬಂದಳು, ಈ ಸಲ ಸರಿಯಾದ ಪತ್ರ ಹಿಡಿದುಕೊಂಡು. ಜೂನ್ ಎರಡನೇ ವಾರ, ಧೋ ಅಂತ ಮಳೆ. ನಮ್ಮಮ್ಮ ಬಾಗಿಲಲ್ಲೇ, ‘ಊಟ ಆಯ್ತಾ?’ ಅಂದರು. ‘ಎಂತದೂ ಆಗ್ಲಿಲ್ಲ, ಹಸಿವಾಗ್ತಾ ಉಂಟು’ ಅಂದಳು.