ಅಟ್ಟ ಹತ್ತುವುದಕ್ಕೊಂದು ಕಾರಣ

ಬದಿಯಡ್ಕ ಕಡೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಗೆಳೆಯರೆಲ್ಲ ಕೈಯಿಂದ ದುಡ್ಡು ಹಾಕಿ 40 ನಿಮಿಷದ ದೆವ್ವದ ಸಿನಿಮಾ ಮಾಡುತ್ತಿದ್ದಾರಂತೆ. ಅಡಿಕೆ ತೋಟದ ನಡುವಿನ ಹಳೇ ಹಂಚಿನ ಮನೆಯಲ್ಲಿ ಭಾನುವಾರ ಶೂಟಿಂಗ್. ಮುಖ್ಯ ಪಾತ್ರ ಮಾಡುವವರು ಊರ ಶಾಲೆಯ ಟೀಚರ್, ನಾಟಕದಲ್ಲಿ ಪಳಗಿದವರು. "ಮನೆಯಲ್ಲಿ ಏನೋ ಇದೆ ಅಂತ ಗೊತ್ತಿದ್ದೂ ನಾನು ರಾತ್ರಿ ಒಬ್ಬಳೇ ಅಟ್ಟಕ್ಕೆ ಯಾಕೆ ಹತ್ತಬೇಕು?" ಅಂತ ಅವರು ಕೇಳಿದರಂತೆ. "ಇದು ದೆವ್ವದ ಸಿನಿಮಾ ಟೀಚರೇ, ಕಾರಣ ಗೀರಣ ಬೇಡ, ನೀವು ಹೆದರಿದರೆ ಸಾಕು" ಅಂದರಂತೆ ನಿರ್ದೇಶಕರು. ಅಲ್ಲಿಗೆ ಇಬ್ಬರಿಗೂ ಮಾತು ನಿಂತಿದೆ. ಉಳಿದ ಕಲಾವಿದರೂ ಒಬ್ಬೊಬ್ಬರಾಗಿ ಬರುವುದು ಬಿಟ್ಟಿದ್ದಾರೆ. ಯಾರು ಹೇಳಿದ್ದು ಸರಿ, ದುಡ್ಡು ಕೊಡಲಾಗದೆ ಕಲಾವಿದರನ್ನು ಉಳಿಸಿಕೊಳ್ಳುವುದು ಹೇಗೆ, ಇದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಟೀಚರ್ ಹೇಳಿದ್ದೇ ಸರಿ. ಅದನ್ನು ನಿಮ್ಮ ನಿರ್ದೇಶಕ ಗೆಳೆಯರು ತಕರಾರು ಅಂತ ತಿಳಿದರಲ್ಲ, ನನಗೆ ಬೇಸರವಾದದ್ದು ಅದಕ್ಕೆ. ನಾಳೆ ನೋಡುವವರ ಮನಸ್ಸಿನಲ್ಲೂ ಇದೇ ಪ್ರಶ್ನೆ ಏಳುತ್ತದೆ. ಉತ್ತರ ಸಿಗದಿದ್ದರೆ ಅವರು ಹೆದರುವುದಿಲ್ಲ, ನಗುತ್ತಾರೆ. ದೊಡ್ಡ ಬಜೆಟ್ಟಿನವರು ಆ ನಗುವನ್ನು ಗ್ರಾಫಿಕ್ಸಿನಿಂದ, ಜೋರು ಸದ್ದಿನಿಂದ ಮುಚ್ಚಿಹಾಕಬಹುದು. ನಿಮ್ಮ ಹತ್ತಿರ ಇರುವುದು ಒಂದು ಕ್ಯಾಮೆರಾ, ಒಂದು ಮನೆ, ಟೀಚರ್ ಮುಖ, ಅಷ್ಟೇ.

ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮನೆ ಅಡಿಕೆ ತೋಟದ್ದು ಅಲ್ವಾ? ಅಟ್ಟದಲ್ಲಿ ವರ್ಷದ ಚಾಲಿ ಅಡಿಕೆ, ಅಂದರೆ ಒಣಗಿಸಿ ಸುಲಿದ ಅಡಿಕೆ, ಗೋಣಿ ಕಟ್ಟಿ ಇಟ್ಟಿದೆ ಅಂದುಕೊಳ್ಳಿ. ರಾತ್ರಿ ಜಡಿಮಳೆ. ಎಲ್ಲೋ ಹಂಚು ಜಾರಿದೆ, ಮೇಲೆ ಟಪ್ ಟಪ್ ಅಂತ ನೀರು ಬೀಳುತ್ತಿದೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ನಮ್ಮ ಕಡೆಯ ಯಾವ ಕೃಷಿಕರ ಮನೆಯವರು ಆ ಸದ್ದು ಕೇಳಿಯೂ ಹೊದ್ದು ಮಲಗುತ್ತಾರೆ ಹೇಳಿ? ಒದ್ದೆಯಾದರೆ ಅಡಿಕೆಗೆ ಬೂಷ್ಟು ಹಿಡಿಯುತ್ತದೆ. ದೆವ್ವ ಇದ್ದರೂ ಹತ್ತಲೇಬೇಕು.

ಇನ್ನು ಟೀಚರ್‌ಗೆ "ಹೆದರಿ" ಅನ್ನಬೇಡಿ. "ಯಾವ ಗೋಣಿ ಒದ್ದೆಯಾಗಿದೆ ಮುಟ್ಟಿ ನೋಡಿ, ಅದನ್ನು ಈಚೆಗೆ ಎಳೆಯಿರಿ" ಅನ್ನಿ. ಎರಡೂ ಕೈ ಬೇಕಾದ್ದರಿಂದ ಸಣ್ಣ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಲಿ. ಆಗ ಅವರ ಮುಖ ಎತ್ತ ತಿರುಗುತ್ತದೋ ಅತ್ತ ಮಾತ್ರ ಬೆಳಕು. ಒಂದು ಗೋಣಿ ಎಳೆದಾಯಿತು. ಇನ್ನೊಂದಕ್ಕೆ ಕೈ ಹಾಕುವಾಗ ಹಿಂದಿನ ಮೂಲೆಯಲ್ಲಿ ಏನೋ ಸರಿದ ಸದ್ದು. ಕೈ ನಿಲ್ಲುತ್ತದೆ. ಕತ್ತು ತಿರುಗಿಸಿದರೆ ಅಲ್ಲಿ ಏನಿದೆ ಅಂತ ಕಾಣುತ್ತದೆ. ತಿರುಗಿಸದಿದ್ದರೆ ನೀರು ಬೀಳುತ್ತಲೇ ಇದೆ. ಕಣ್ಣು ಅರಳಿಸುವುದು, ಕಿರುಚುವುದು ಯಾವುದೂ ಇಲ್ಲಿ ಬೇಡ. ಗೋಣಿಗೆ ಮಾತ್ರ ಸ್ವಲ್ಪವಾದರೂ ಭಾರ ತುಂಬಿಸಿ. ಒಳಗೆ ಬರೀ ಹುಲ್ಲು ತುರುಕಿದರೆ ಎಳೆಯುವವರ ಬೆನ್ನೇ ಸುಳ್ಳು ಹೇಳಿಬಿಡುತ್ತದೆ.

ಇದನ್ನು ಕಲಿಸಲು ಹೊರಗಿನವರು ಬರಬೇಕಾಗಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮ್ಮ ಪಕ್ಕದಲ್ಲೇ ಇದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು, ಅಂದರೆ ಪಾತ್ರದ ಮಾತನ್ನು ಅಲ್ಲಲ್ಲೇ ಕಟ್ಟಿ ಆಡುವವರನ್ನು, ಕೊಟ್ಟ ಸೀಮೆ ಇದು. ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ವಾಲಿಯ ಪ್ರಸಂಗ ನೆನಪಿಸಿಕೊಳ್ಳಿ. ಈಗಷ್ಟೇ ಪೆಟ್ಟು ತಿಂದು ಓಡಿದ ಸುಗ್ರೀವ ಮತ್ತೆ ಬಂದು ಯುದ್ಧಕ್ಕೆ ಕರೆಯುತ್ತಾನೆ. ಹೋಗಬೇಡ, ಅವನ ಬೆನ್ನಿಗೆ ಯಾರೋ ಇದ್ದಾರೆ ಅಂತ ತಾರೆ ತಡೆಯುತ್ತಾಳೆ. ಅವಳು ಹೇಳುವುದು ನಿಜ ಅಂತ ಕೂತವರಿಗೆಲ್ಲ ಗೊತ್ತು. ಹೋದರೆ ಸಾಯುತ್ತಾನೆ ಅಂತಲೂ ಗೊತ್ತು. ಆದರೂ ವಾಲಿ ಹೋಗಬೇಕು. ಯಾಕೆ ಹೋಗುತ್ತಾನೆ ಅನ್ನುವುದನ್ನು ಅರ್ಥಧಾರಿ ಮಾತಿನಲ್ಲೇ ಕಟ್ಟಿ ನಿಲ್ಲಿಸುತ್ತಾರೆ. ಮನೆ ಬಾಗಿಲಿಗೆ ಬಂದು ಕರೆದವನಿಗೆ ಹೆದರಿ ಒಳಗೆ ಕೂತರೆ ನಾನು ವಾಲಿಯೇ ಅಲ್ಲ ಅನ್ನುವ ಹಟವಿರಬಹುದು, ತಮ್ಮನ ಮೇಲಿನ ಸಿಟ್ಟಿರಬಹುದು. ವೇಷವಿಲ್ಲ, ರಂಗಸಜ್ಜಿಕೆ ಇಲ್ಲ. ಆದರೂ ಅವನು ಎದ್ದು ಹೊರಟಾಗ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ನಿಮ್ಮ ಟೀಚರ್ ಕೇಳಿದ್ದೂ ಇದನ್ನೇ.

ಹೊರದೇಶದ ಕಡಿಮೆ ದುಡ್ಡಿನ ಸಿನಿಮಾದವರಿಗೂ ಇದು ಗೊತ್ತಿತ್ತು. ಜಾರ್ಜ್ ರೊಮೆರೊ 1968ರಲ್ಲಿ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಮಾಡಿದ್ದು ಸುಮಾರು 1,14,000 ಡಾಲರಿನಲ್ಲಿ. ಹಾಲಿವುಡ್ಡಿನ ಲೆಕ್ಕಕ್ಕೆ ಅದು ಪುಡಿಗಾಸು. ಮನೆಯ ಸುತ್ತ ಎದ್ದು ಓಡಾಡುವ ಹೆಣಗಳಿದ್ದರೂ ಅದರ ನಾಯಕ ಡ್ವೇನ್ ಜೋನ್ಸ್ ಹೆದರುತ್ತಾ ನಿಲ್ಲುವುದೇ ಇಲ್ಲ. ಮೇಜು ಮುರಿದು ಹಲಗೆ ಮಾಡಿ ಕಿಟಕಿ ಬಾಗಿಲಿಗೆ ಮೊಳೆ ಹೊಡೆಯುತ್ತಾನೆ. ಸುತ್ತಿಗೆಯ ಒಂದೊಂದು ಪೆಟ್ಟಿಗೂ ಹೊರಗೆ ಏನಿದೆ ಅನ್ನುವುದು ನಮಗೆ ನೆನಪಾಗುತ್ತದೆ. ಇನ್ನೊಬ್ಬರು ರೋಜರ್ ಕಾರ್ಮನ್. ದಿನಗಳ ಲೆಕ್ಕದಲ್ಲಿ ಸಿನಿಮಾ ಮುಗಿಸುವುದಕ್ಕೆ ಹೆಸರಾದವರು, ಓದಿದ್ದು ಎಂಜಿನಿಯರಿಂಗ್. ನಟರ ಜೊತೆ ಕೆಲಸ ಮಾಡುವುದು ಹೇಗೆ ಅಂತ ತಿಳಿಯಲು ಜೆಫ್ ಕೋರಿ ಎಂಬ ನಟರ ಅಭಿನಯದ ತರಗತಿಗೆ ತಾವೇ ಹೋಗಿ ಕೂತರು. ಮುಂದೆ ದೊಡ್ಡ ನಟರಾದ ಜಾಕ್ ನಿಕೋಲ್ಸನ್ ಕಾರ್ಮನ್‌ಗೆ ಸಿಕ್ಕಿದ್ದು ಅಲ್ಲೇ. ಖರ್ಚು ಕಡಿಮೆ ಮಾಡುವವರಿಗೆ ಅಭಿನಯದ ತಿಳಿವಳಿಕೆ ಬೇಡ ಅನ್ನುವವರು ಇದನ್ನು ಗಮನಿಸಬೇಕು.

1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಅನ್ನು ನಿಮ್ಮ ನಿರ್ದೇಶಕರು ಖಂಡಿತ ನೋಡಿರುತ್ತಾರೆ. ಅಲ್ಲಿ ಮೂವರು ನಟರಿಗೆ ಕಾಡಿನಲ್ಲಿ, ಮುಂದೆ ಏನು ಮಾಡಬೇಕು ಅಂತ ಬರೆದ ಬೇರೆ ಬೇರೆ ಚೀಟಿ ಸಿಗುತ್ತಿತ್ತು. ಒಬ್ಬರದ್ದು ಇನ್ನೊಬ್ಬರು ನೋಡುವಂತಿಲ್ಲ. ಈ ಉಪಾಯ ನೀವೂ ಮಾಡಬಹುದು, ಪೈಸೆ ಖರ್ಚಿಲ್ಲ. ಆದರೆ ದಿನ ಹೋದಂತೆ ಅವರಿಗೆ ಊಟವನ್ನೂ ಕಡಿಮೆ ಮಾಡಿದ್ದರು. ಅದನ್ನು ದಯವಿಟ್ಟು ಅನುಸರಿಸಬೇಡಿ. ನಿಜವಾಗಿ ಹಸಿದವರನ್ನು, ನಿಜವಾಗಿ ಬೆದರಿದವರನ್ನು ಕ್ಯಾಮೆರಾ ಮುಂದೆ ನಿಲ್ಲಿಸುವುದು ನಿರ್ದೇಶನ ಅಂತ ನಾನು ಒಪ್ಪುವುದಿಲ್ಲ.

ಪತ್ರದ ಜೊತೆ ಕಳಿಸಿದ ಸಂಭಾಷಣೆಯ ಬಗ್ಗೆಯೂ ಒಂದು ಮಾತು. ಜೀವಭಯದಲ್ಲಿ ಇರುವವರು "ಯಾರಲ್ಲಿ? ಹೊರಗೆ ಬನ್ನಿ" ಅಂತ ಪುಸ್ತಕದ ಕನ್ನಡದಲ್ಲಿ ಕೇಳುತ್ತಾರಾ? ನಮ್ಮಲ್ಲಿ ಒಂದೇ ಅಂಗಳದಲ್ಲಿ ತುಳು, ಮಲಯಾಳ, ಹವ್ಯಕ, ಕೊಂಕಣಿ ಎಲ್ಲ ಓಡಾಡುತ್ತವೆ. ಆ ಗಳಿಗೆಯಲ್ಲಿ ಟೀಚರ್ ಬಾಯಿಗೆ ಅವರ ಮನೆಮಾತೇ ಬರಲಿ. ಕೆಳಗೆ ಕನ್ನಡ ಅಕ್ಷರ ಹಾಕಿದರಾಯಿತು.

ಉಳಿದವರು ಬರದೇ ಇರುವುದಕ್ಕೂ ಕಾರಣ ಇದಕ್ಕೆ ಹತ್ತಿರದ್ದೇ ಅಂತ ನನ್ನ ಅನಿಸಿಕೆ. ಬೆಳಿಗ್ಗೆ ಬಂದು ಸಂಜೆವರೆಗೆ ಸುಮ್ನೆ ಕೂತು, ಕೊನೆಗೆ "ಇಲ್ಲಿ ನಿಂತು ಹೆದರಿ" ಅಂತ ಕೇಳಿಸಿಕೊಂಡು ಹೋಗಲು ಯಾರು ತಾನೇ ವಾರದ ಒಂದು ರಜೆ ಬಿಟ್ಟುಕೊಡುತ್ತಾರೆ? ಮೊದಲು ನಿರ್ದೇಶಕರು ಟೀಚರ್ ಮನೆಗೆ ಹೋಗಿ ಬರಲಿ. ಅಟ್ಟದ ದೃಶ್ಯವನ್ನು ಇಬ್ಬರೂ ಕೂತು ಹೊಸದಾಗಿ ಬರೆಯಲಿ. ಸಂಬಳ ಆಗದಿದ್ದರೆ ಬಸ್ಸಿನ ದುಡ್ಡು ಮತ್ತು ಬಿಸಿ ಊಟವಾದರೂ ನಿಮ್ಮ ಕಡೆಯಿಂದ ಇರಲಿ. ರಾತ್ರಿ ಶೂಟಿಂಗ್ ಇದ್ದರೆ ಕೊನೆಯ ಬಸ್ಸು ತಪ್ಪುತ್ತದೆ. ಹಾಗಾಗಿ ಮನೆ ತನಕ ಬಿಟ್ಟು ಬರುವವರು ಯಾರು ಅಂತ ಮೊದಲೇ ಗೊತ್ತು ಮಾಡಿ. ಯಾರು ಎಷ್ಟು ಗಂಟೆಗೆ ಬಂದರೆ ಸಾಕು ಅನ್ನುವುದನ್ನು ಶನಿವಾರವೇ ವಾಟ್ಸಾಪಿನಲ್ಲಿ ಹಾಕಿ. ಪ್ರತಿಯೊಬ್ಬರ ಹೆಸರಿನ ಮುಂದೆ, ಆ ದಿನದ ದೃಶ್ಯದಲ್ಲಿ ಅವರ ಪಾತ್ರಕ್ಕೆ ಬೇಕಾದದ್ದು ಏನು ಅಂತ ಒಂದು ಸಾಲು ಬರೆಯಿರಿ.