ರಾತ್ರಿ ಎರಡು ಗಂಟೆಗೆ ತೆಗೆಯುವ ಚಿಲಕ

ಹಳೆ ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರದಿಂದ ಅರವತ್ತು ದಾಟಿದ ತಾಯಿಯೊಬ್ಬರನ್ನು ಅವರ ಮಗ ಮತ್ತು ಮಗಳು ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಕರೆತಂದಾಗ, ಆಕೆಯ ಯಜಮಾನರು ತೀರಿಕೊಂಡು ಐದು ತಿಂಗಳಾಗಿತ್ತು. ಮೃತರು ಪೊಲೀಸ್ ಇಲಾಖೆಯಲ್ಲಿ ಪೇದೆಯಾಗಿ ಸೇರಿ, ಎ.ಎಸ್.ಐ. (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಆಗಿ 2019ರಲ್ಲಿ ನಿವೃತ್ತರಾದವರು. ಕುಟುಂಬದ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಮೂವರೂ ಒಪ್ಪಿಗೆ ಕೊಟ್ಟಿದ್ದಾರೆ.

ಮಕ್ಕಳ ಆತಂಕ ಒಂದೇ ಆಗಿತ್ತು. ತಾಯಿ ರಾತ್ರಿ ಎರಡು ಗಂಟೆಗೆ ಎದ್ದು ಮುಂಬಾಗಿಲಿನ ಚಿಲಕ ತೆಗೆಯುತ್ತಾರೆ, ಹೊರಗಿನ ದೀಪ ಹಾಕುತ್ತಾರೆ, ಸಾರು ಬಿಸಿಗಿಡುತ್ತಾರೆ, ಕಾಲು ಗಂಟೆ ಸುಮ್ಮನೆ ಕುಳಿತಿದ್ದು ಒಲೆ ಆರಿಸಿ ಮಲಗುತ್ತಾರೆ. ಎಷ್ಟೋ ದಿನ ಬಾಗಿಲು ಬೆಳಗಿನವರೆಗೆ ಹಾಗೆಯೇ ತೆರೆದಿರುತ್ತದೆ. ಅವ್ವನಿಗೆ ಮರೆವಿನ ಕಾಯಿಲೆ ಹತ್ತಿದೆಯೆಂದು ಮಗ ನಂಬಿಬಿಟ್ಟಿದ್ದ. ಯಾರೋ ಹೇಳಿದರೆಂದು ಔಷಧಿ ಅಂಗಡಿಯಿಂದ ನಿದ್ದೆಯ ಮಾತ್ರೆ ತಂದು ಒಂದೂವರೆ ತಿಂಗಳಿನಿಂದ ಕೊಡುತ್ತಲೂ ಇದ್ದ.

ಮೊದಲ ಭೇಟಿಯಲ್ಲಿ ತಾಯಿಯೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿದೆ. ದಿನ, ವಾರ, ಪಿಂಚಣಿಯ ಮೊತ್ತ, ಮೊಮ್ಮಗಳ ಪರೀಕ್ಷೆಯ ವೇಳಾಪಟ್ಟಿ, ಯಾವುದರಲ್ಲೂ ಆಕೆ ತಡವರಿಸಲಿಲ್ಲ. ಬದುಕು ಸಾಕೆನಿಸುತ್ತದೆಯೇ, ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ, ಏಕೆಂದರೆ ಇಂಥ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಿದರೆ ಉತ್ತರವೂ ಹಾಗೆಯೇ ಬರುತ್ತದೆ. ಇಲ್ಲವೆಂದರು. ಬಾಗಿಲಿನ ವಿಷಯಕ್ಕೆ ಬಂದಾಗ ಆಕೆ ಹೇಳಿದ್ದು ಇಷ್ಟು: "ಅವರು ಇಲ್ಲ ಅನ್ನೋದು ನನಗೆ ಗೊತ್ತಿದೆ ಮೇಡಂ. ಆದರೆ ಎಚ್ಚರ ಆಗೋದನ್ನ ನಾನು ಏನು ಮಾಡಲಿ?"

1985ರಲ್ಲಿ ಮದುವೆಯಾಗಿ ಪೊಲೀಸ್ ಕ್ವಾರ್ಟರ್ಸಿಗೆ ಬಂದಂದಿನಿಂದ ಆಕೆ ಕಾದವರು. ನೈಟ್ ಬೀಟ್ ಮುಗಿಸಿ ಅವರು ಬರುತ್ತಿದ್ದುದು ಎರಡರ ಸುಮಾರಿಗೆ. ಲಾಠಿಯಿಂದ ಬಾಗಿಲಿಗೆ ಎರಡು ಸಲ ಮೆಲ್ಲಗೆ ತಟ್ಟುತ್ತಿದ್ದರು. ರಾಜ್ಯದ ದೊಡ್ಡ ಘಟನೆಗಳೆಲ್ಲ ಆಕೆಗೆ ನೆನಪಿರುವುದು ಬಂದೋಬಸ್ತಿನ ಲೆಕ್ಕದಲ್ಲಿ. 1991ರ ಡಿಸೆಂಬರಿನ ಕಾವೇರಿ ಗಲಭೆ ಎಂದರೆ ಕೈಗೂಸನ್ನು ಇಟ್ಟುಕೊಂಡು ಒಂಬತ್ತು ದಿನ ಸುದ್ದಿಯಿಲ್ಲದೆ ಕಳೆದದ್ದು. 2000ದಲ್ಲಿ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಅಪಹರಿಸಿದ 108 ದಿನಗಳೆಂದರೆ, ಮನೆಗೆ ಬಂದವರು ಬೂಟು ಬಿಚ್ಚುವ ಮೊದಲೇ ಮತ್ತೆ ಕರೆ ಬರುತ್ತಿದ್ದುದು. ದಸರೆ ಎಂದರೆ ಊರಿಗೆಲ್ಲ ಹಬ್ಬ, ತನಗೆ ಒಂಟಿತನ. ಇದನ್ನು ಆಕೆ ದೂರಿನ ದನಿಯಲ್ಲಿ ಹೇಳಲಿಲ್ಲ.

ಹೇಳುತ್ತಾ ಹೇಳುತ್ತಾ ಒಂದು ಕಡೆ ಮಾತು ನಿಂತಿತು. ಠಾಣೆಯಿಂದ ಯಾರಾದರೂ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರೆ ಏನು ಮಾಡಬೇಕೆಂದು ತಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮನಸ್ಸಿನಲ್ಲೇ ಸಿದ್ಧವಾಗಿದ್ದೆ; ಅವರು ನಿವೃತ್ತರಾದ ದಿನ ಆ ಭಯವನ್ನು ಇಳಿಸಿಟ್ಟೆ; ಐದು ವರ್ಷ ನೆಮ್ಮದಿಯಾಗಿ ಮಲಗಿದೆ; ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲಿ ಕುಳಿತವರು ಮೇಲೇಳಲಿಲ್ಲ. "ನಾನು ಎಚ್ಚರ ತಪ್ಪಿದ್ದಕ್ಕೇ ಹೀಗಾಯಿತೇನೋ" ಎಂದರು. ಎರಡು ಗಂಟೆಯ ಎಚ್ಚರದ ಬೇರು ಇಲ್ಲಿದೆ ಎಂದು ನನಗೆ ತಿಳಿದದ್ದು ಆಗ. ನಿಮ್ಮ ತಪ್ಪೇನೂ ಇಲ್ಲವೆಂದು ಬಾಯಿಮಾತಿನ ಸಮಾಧಾನ ಹೇಳುವ ಬದಲು ಒಂದು ಪ್ರಶ್ನೆ ಕೇಳಿದೆ: ಅಷ್ಟು ವರ್ಷ ಅವರನ್ನು ಮನೆಗೆ ಕರೆತರುತ್ತಿದ್ದುದು ನಿಮ್ಮ ಭಯವೇ? ಆಕೆ ಬಹಳ ಹೊತ್ತು ಯೋಚಿಸಿದರು. "ಇಲ್ಲ, ಅವರ ಪಾಡಿಗೆ ಅವರು ಬರೋರು. ನಾನು ಬಾಗಿಲು ತೆಗೀತಿದ್ದೆ ಅಷ್ಟೇ" ಎಂದರು. ಆ ಭೇಟಿಯನ್ನು ಅಲ್ಲಿಗೇ ನಿಲ್ಲಿಸಿದೆ.

ಮಕ್ಕಳಿಗೆ ಮೊದಲು ಹೇಳಿದ್ದು ಮಾತ್ರೆಯ ವಿಷಯ. ನಿದ್ದೆಯ ಮಾತ್ರೆಗಳಿಂದ ವಯಸ್ಸಾದವರಲ್ಲಿ ತೂಕಡಿಕೆ, ಗೊಂದಲ ಮತ್ತು ರಾತ್ರಿ ಎದ್ದಾಗ ಬೀಳುವ ಅಪಾಯ ಹೆಚ್ಚುತ್ತದೆ. ವಾರಗಟ್ಟಲೆ ತೆಗೆದುಕೊಂಡದ್ದನ್ನು ಥಟ್ಟನೆ ನಿಲ್ಲಿಸುವುದೂ ಸರಿಯಲ್ಲ. ಹಾಗಾಗಿ ವೈದ್ಯರ ಬಳಿಗೆ ಕಳುಹಿಸಿ, ಕ್ರಮೇಣ ಬಿಡಿಸುವಂತೆ ಮತ್ತು ಥೈರಾಯ್ಡ್, ಬಿ12, ಸಕ್ಕರೆ, ರಕ್ತದೊತ್ತಡ ನೋಡುವಂತೆ ಪತ್ರ ಕೊಟ್ಟೆ. ಎರಡನೆಯದು, ಇದು ಮರೆವಿನ ಲಕ್ಷಣವಲ್ಲ ಎಂಬುದು. ಶೋಕವು ಕಾಯಿಲೆಯ ಮಟ್ಟಕ್ಕೆ ಹೋಗಿದೆಯೆನ್ನಲು ವಿಶ್ವ ಆರೋಗ್ಯ ಸಂಸ್ಥೆಯ ಐ.ಸಿ.ಡಿ.-11 ಎಂಬ ಕಾಯಿಲೆಗಳ ಪಟ್ಟಿ ಕನಿಷ್ಠ ಆರು ತಿಂಗಳನ್ನೂ, ಅಮೆರಿಕದ ಮನೋವೈದ್ಯರ 2022ರ ಪರಿಷ್ಕೃತ ಕೈಪಿಡಿ ವಯಸ್ಕರಿಗೆ ಒಂದು ವರ್ಷವನ್ನೂ ಹೇಳುತ್ತವೆ, ಅದೂ ಆ ಸಮಾಜದ ರೂಢಿಯನ್ನು ಗಮನದಲ್ಲಿಟ್ಟುಕೊಂಡು. ವರ್ಷಾಬ್ಧಿಕ ಮುಗಿಯುವವರೆಗೆ ಮನೆಯಲ್ಲಿ ಶುಭಕಾರ್ಯ ಮಾಡದ ನಮ್ಮ ಹಿರಿಯರಿಗೆ ಈ ಕಾಲಮಾನದ ಅರಿವು ಮೊದಲಿನಿಂದಲೂ ಇತ್ತೆಂದೇ ನನ್ನ ನಂಬಿಕೆ. ಎರಡು ಗಂಟೆಗೆ ಮನಸ್ಸು ತಡೆಯಲಾರದಷ್ಟು ಭಾರವಾದರೆ ಕರೆ ಮಾಡಲೆಂದು ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಮಗಳು ತಾಯಿಯ ಫೋನಿನಲ್ಲಿ ಹಾಕಿಕೊಟ್ಟಳು. ಅಲ್ಲಿ ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತನಾಡಬಹುದು.

ಬಾಗಿಲಿನ ಬಗ್ಗೆ ನಾನು ಕೊಟ್ಟ ಸಲಹೆ ಮಗನಿಗೆ ಮೊದಲು ಒಪ್ಪಿಗೆಯಾಗಲಿಲ್ಲ. ಕಾಯುವುದನ್ನು ನಿಲ್ಲಿಸಿರೆಂದು ಆಕೆಗೆ ಹೇಳಲು ನಾನು ಸಿದ್ಧಳಿರಲಿಲ್ಲ. ಚಿಲಕ ಮಾತ್ರ ತೆಗೆಯಬೇಡಿ, ಅದು ನಿಮ್ಮ ಸುರಕ್ಷತೆಯ ಪ್ರಶ್ನೆ. ಎಚ್ಚರವಾದರೆ ದೀಪ ಹಾಕಿ ಕುಳಿತುಕೊಳ್ಳಿ, ಅವರು ಊಟ ಮಾಡುವಾಗ ಆ ದಿನದ ಸಮಾಚಾರ ಹೇಳುತ್ತಿದ್ದಿರಲ್ಲ, ಅದನ್ನು ಹೇಳಿ, ಕಾಲು ಗಂಟೆಯಾದ ಮೇಲೆ ದೀಪ ಆರಿಸಿ ಎಂದೆ. ಸತ್ತವರೊಡನೆ ನಂಟನ್ನು ಕಡಿದುಕೊಂಡರೆ ಮಾತ್ರ ಶೋಕ ಮುಗಿಯುತ್ತದೆ ಎಂಬ ಹಳೆಯ ತಿಳಿವಳಿಕೆಯನ್ನು ಮನಶ್ಶಾಸ್ತ್ರ ಬಿಟ್ಟು ಬಹಳ ಕಾಲವಾಯಿತು. ಸ್ಟ್ರೋಬ್ ಮತ್ತು ಶುಟ್ ಎಂಬ ಇಬ್ಬರು ವಿದ್ವಾಂಸರು 1999ರಲ್ಲಿ ವಿವರಿಸಿದಂತೆ, ದುಃಖಿತರ ಮನಸ್ಸು ಕಳೆದುಕೊಂಡದ್ದರ ಕಡೆಗೂ ಇನ್ನು ಬಾಳಬೇಕಾದ್ದರ ಕಡೆಗೂ ತೂಗಾಡುತ್ತಲೇ ಇರುತ್ತದೆ. ಆ ತೂಗಾಟವೇ ಆರೋಗ್ಯದ ಗುರುತು.

ಮಗನ ಕಷ್ಟ ಬೇರೆಯದಾಗಿತ್ತು. ಹನ್ನೊಂದನೆಯ ದಿನಕ್ಕೆ ಬೀದಿಯಲ್ಲಿ ಕಟ್ಟಿಸಿದ ಫ್ಲೆಕ್ಸಿನಲ್ಲಿ ಅವನು "ದೇವರಂಥ ಅಪ್ಪ" ಎಂದು ಬರೆಸಿದ್ದ. ಮೂರನೆಯ ಭೇಟಿಯಲ್ಲಿ ಬೇರೆಯೇ ಮಾತು ಬಂತು. ಏಳನೆಯ ತರಗತಿಯಲ್ಲಿ ಭಾಷಣಕ್ಕೆ ಬಹುಮಾನ ಬಂದ ದಿನ ಬರುತ್ತೇನೆಂದ ಅಪ್ಪ ಬರಲಿಲ್ಲ. ರಾತ್ರಿ ಬಂದವರು ಯೂನಿಫಾರಂನಲ್ಲೇ ಮಲಗಿಬಿಟ್ಟರು. ಅಪ್ಪ ಎಂದರೆ ತನಗೆ ಆಗ ನೆನಪಿದ್ದುದು ಬೆಲ್ಟಿನ ಸದ್ದು ಮತ್ತು ಬೆವರಿನ ವಾಸನೆ. ಅದೇ ಮನುಷ್ಯ ನಿವೃತ್ತಿಯ ನಂತರ ಮೊಮ್ಮಗಳನ್ನು ಶಾಲೆಗೆ ನಡೆಸಿಕೊಂಡು ಹೋಗುತ್ತಿದ್ದರು, ಕಿತ್ತಳೆ ತೊಳೆಯ ಬಿಳಿ ನಾರನ್ನು ಒಂದೊಂದಾಗಿ ಬಿಡಿಸಿ ತಿನ್ನಿಸುತ್ತಿದ್ದರು, ಪ್ರತಿ ಭಾನುವಾರ ರಾತ್ರಿ ಮನೆಯವರೆಲ್ಲರ ಬೂಟು ಚಪ್ಪಲಿಗಳನ್ನು ಪೆರೇಡಿನ ಹಾಗೆ ಸಾಲಾಗಿ ಇಟ್ಟುಕೊಂಡು, ತುದಿಯಲ್ಲಿ ಮುಖ ಕಾಣುವವರೆಗೆ ಪಾಲಿಶ್ ಹಾಕುತ್ತಿದ್ದರು. "ನನಗೆ ಸಿಗದ ಅಪ್ಪ ನನ್ನ ಮಗಳಿಗೆ ಸಿಕ್ಕಿದರು" ಎಂದು ಹೇಳಿ ಅವನು ಅತ್ತ. ಅಪ್ಪನನ್ನು ಪ್ರೀತಿಸುವುದು ಮತ್ತು ಅಪ್ಪನ ಮೇಲೆ ಮುನಿಸಿರುವುದು ಒಂದೇ ಎದೆಯಲ್ಲಿ ಇರಬಹುದು, ಮುನಿಸನ್ನು ಹೇಳಿದರೆ ತೀರಿಹೋದವರಿಗೆ ಅವಮಾನವಾಗುವುದಿಲ್ಲ ಎಂದೆ. ಐದು ತಿಂಗಳಿನಿಂದ ಯಾರೂ ಮುಟ್ಟದ ಪಾಲಿಶ್ ಡಬ್ಬಿಯನ್ನು ಈ ಭಾನುವಾರ ತೆರೆಯಲಾಗುತ್ತದೆಯೇ ಎಂದೂ ಕೇಳಿದೆ.

ಅವನ ಇನ್ನೊಂದು ನೋವು ನನ್ನನ್ನು ಬಹಳ ತಟ್ಟಿತು. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಬಲಿಯಾದ ಹತ್ತು ಪೊಲೀಸರ ನೆನಪಿಗೆ ಪ್ರತಿ ವರ್ಷ ಆ ದಿನ ಹುತಾತ್ಮರ ದಿನಾಚರಣೆ ನಡೆಯುತ್ತದೆ. ಆಯಾ ವರ್ಷ ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಓದುತ್ತಾರೆ. ನಿವೃತ್ತರಾದ ಮೇಲೂ ಅಪ್ಪ ತಪ್ಪದೆ ಹೋಗಿ ಮೈದಾನದ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಆದರೆ ಕುರ್ಚಿಯಲ್ಲಿ ಕುಳಿತು ತೀರಿಕೊಂಡವರ ಹೆಸರು ಆ ಪಟ್ಟಿಯಲ್ಲಿ ಬರುವುದಿಲ್ಲ. ಮೂವತ್ತಾರು ವರ್ಷ ದುಡಿದ ಮನುಷ್ಯನನ್ನು ನೆನೆಯಲು ಮನೆಯವರನ್ನು ಬಿಟ್ಟರೆ ಯಾರೂ ಇಲ್ಲವೇ ಎಂದು ಅವನು ಕೇಳಿದಾಗ, ಮನೆಯವರು ಅವರನ್ನು ಪೂರ್ತಿಯಾಗಿ ನೆನೆಯಲಿ ಎಂದಷ್ಟೇ ಹೇಳಿದೆ. ಆ ವರ್ಷ ತಾಯಿ ಮಕ್ಕಳು ಒಟ್ಟಿಗೆ ಹೋಗಿ, ಅವರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಬಂದರು.

ನಾಲ್ಕು ತಿಂಗಳಲ್ಲಿ ಏಳು ಭೇಟಿಗಳಾದವು. ಮಾತ್ರೆ ನಿಂತಿದೆ. ಎರಡು ಗಂಟೆಯ ಎಚ್ಚರ ವಾರಕ್ಕೆ ಒಂದೆರಡು ಸಲ ಇನ್ನೂ ಆಗುತ್ತದೆ, ಚಿಲಕ ಮಾತ್ರ ಹಾಕಿದ ಹಾಗೆಯೇ ಇರುತ್ತದೆ. ಬೂಟಿನ ಪಾಲಿಶ್ ತಾತ ಹಾಕಿದಷ್ಟು ಹೊಳೆಯುತ್ತಿಲ್ಲವೆಂದು ಮೊಮ್ಮಗಳು ಅಪ್ಪನಿಂದ ಎರಡೆರಡು ಸಲ ಉಜ್ಜಿಸುತ್ತಾಳಂತೆ. ಕೊನೆಯ ಭೇಟಿಯಲ್ಲಿ ವರ್ಷಾಬ್ಧಿಕದ ಮಾತು ಬಂತು. ಈ ಸಲ ಫ್ಲೆಕ್ಸ್ ಬೇಡ, ಊಟವಾದ ಮೇಲೆ ಮನೆಯವರೆಲ್ಲ ಕುಳಿತು ಅವರ ಬಗ್ಗೆ ಒಂದೊಂದು ಸಂಗತಿ ಹೇಳುವುದೆಂದು ಮಗಳು ಸೂಚಿಸಿದಳು. ಬಹುಮಾನದ ದಿನದ ಕಥೆಯನ್ನು ತಾನು ಹೇಳಬಹುದೇ ಎಂದು ಮಗ ತಾಯಿಯ ಮುಖ ನೋಡಿದ.

"ಹೇಳಪ್ಪ" ಎಂದರು ಆಕೆ. "ಆವತ್ತು ರಾತ್ರಿ ಅವರೂ ಅದನ್ನೇ ಹೇಳಿಕೊಂಡು ಊಟ ಬಿಟ್ಟಿದ್ದರು. ಅದನ್ನ ನಾನು ಹೇಳ್ತೀನಿ."