ತಂಗಿಯನ್ನು ಶಿವಮೊಗ್ಗದ ಕ್ರಿಶ್ಚಿಯನ್ ಕಾಲೇಜಿಗೆ ಸೇರಿಸಬೇಕು, ಎರಡರಲ್ಲಿ ಯಾವುದರ ಸೌಲಭ್ಯ ಒಳ್ಳೆಯದು?

ಹೊಸನಗರದ ಕಡೆಯವರು, ತಂಗಿಗೆ ಬಿಕಾಂ, ಎರಡು ಕಾಲೇಜಿನ ಬ್ರೋಷರ್ ಕೈಯಲ್ಲಿದೆ, ನಾವು ಕ್ರಿಶ್ಚಿಯನ್ನರಲ್ಲ, ನಮಗೂ ಎಲ್ಲ ಸಿಗುತ್ತಾ ಅಂತ ಕೇಳಿದ್ದೀರಿ. ಇದೇ ಥರದ ಬ್ರೋಷರ್ ಹಿಡಿದು ವೈಫೈಗೊಂದು ಟಿಕ್ಕು, ಜಿಮ್ಮಿಗೊಂದು ಟಿಕ್ಕು ಹಾಕಿದವನು ನಾನೂ. ಹೇಳ್ತೀನಿ ಕೇಳಿ, ಆ ಪಟ್ಟಿಯನ್ನು ಮಡಚಿ ಇಟ್ಟುಬಿಡಿ. ಸ್ಮಾರ್ಟ್ ಕ್ಲಾಸು, ಆಡಿಟೋರಿಯಮ್ಮು, ಲ್ಯಾಬು ಎರಡೂ ಕಡೆ ಇರುತ್ತೆ. ಮಲೆನಾಡಿನ ಮಕ್ಕಳಿಗೆ ಮೂರು ವರ್ಷ ದಿನಾ ಬೇಕಾಗೋದು ಬೇರೆ: ಆಫೀಸಿನ ಕೌಂಟರು, ಹಾಸ್ಟೆಲ್ಲಿನ ಬಿಸಿನೀರು, ಸಂಜೆಯ ಬಸ್ಸು. ಇದ್ಯಾವುದೂ ಬ್ರೋಷರಿನಲ್ಲಿ ಇರಲ್ಲ.

ಧರ್ಮದ ಪ್ರಶ್ನೆ ಮೊದಲು ಮುಗಿಸಿಬಿಡೋಣ. ಲೈಬ್ರರಿ, ಹಾಸ್ಟೆಲ್, ಕೌನ್ಸೆಲಿಂಗ್, ಎನ್‌ಎಸ್‌ಎಸ್ ಇವುಗಳಲ್ಲಿ ಯಾರೂ ನಿಮ್ಮ ಧರ್ಮ ಕೇಳಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಡುತ್ತೆ. 28(3)ನೇ ವಿಧಿ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಓದುವವರನ್ನು ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಕೂರಿಸಬಾರದು ಅನ್ನುತ್ತೆ. ಓದುವವರು ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಕ್ಯಾಥೋಲಿಕ್ ಮಕ್ಕಳಿಗೆ ಧರ್ಮೋಪದೇಶದ ತರಗತಿ ಇರುವ ಹೊತ್ತಿಗೆ ಉಳಿದವರಿಗೆ ಮೌಲ್ಯ ಶಿಕ್ಷಣ ಅಂತ ಒಂದು ಪಿರಿಯಡ್ ಇರುತ್ತೆ. ಹಾಸ್ಟೆಲ್ಲಿನಲ್ಲಿ ಊಟಕ್ಕೆ ಮುಂಚೆ ಒಂದು ನಿಮಿಷ ಪ್ರಾರ್ಥನೆ, ಸಂಜೆ ಓದಿನ ಗಂಟೆ, ಅಷ್ಟೇ. ಸುಮ್ಮನೆ ನಿಂತರೆ ಸಾಕು.

ಈಗ ದುಡ್ಡಿನ ವಿಷಯ. ನಮ್ಮ ಕಡೆ ಹುಡುಗರ ದುಡ್ಡು ಹೋಗೋದು ಒಂದೇ ಜಾಗದಲ್ಲಿ, ನನ್ನದೂ ಸೇರಿ: ಬ್ಯಾಂಕ್ ಖಾತೆಗೆ ಆಧಾರ್ 'ಲಿಂಕ್' ಆಗಿದೆ, ಆದ್ದರಿಂದ ಸ್ಕಾಲರ್‌ಶಿಪ್ ಬಂದೇ ಬರುತ್ತೆ ಅಂದುಕೊಳ್ಳೋದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಾಗ ಆಗೋದು ಕೆವೈಸಿ. ಖಾತೆ ನಿಮ್ಮದೇ ಅಂತ ಬ್ಯಾಂಕಿಗೆ ಗೊತ್ತಾಯ್ತು, ಅಲ್ಲಿಗೆ ಮುಗೀತು. ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬರೋ ದಾರಿ, ಅಂದರೆ ಡಿಬಿಟಿ, ಬೇರೆ. ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ದುಡ್ಡು ಕಳಿಸೋದು ಖಾತೆ ನಂಬರಿಗಲ್ಲ, ಆಧಾರ್ ನಂಬರಿಗೆ. ಆ ಆಧಾರಿಗೆ ಸದ್ಯ ಯಾವ ಬ್ಯಾಂಕ್ ಜೋಡಿಸಿದೆ ಅಂತ ಎನ್‌ಪಿಸಿಐ, ಅಂದರೆ ಬ್ಯಾಂಕುಗಳ ನಡುವಿನ ಪಾವತಿ ನಿಗಮದ ಹತ್ತಿರ ಒಂದು ಪಟ್ಟಿ ಇರುತ್ತೆ. ಅದಕ್ಕೆ ಮ್ಯಾಪರ್ ಅಂತಾರೆ. ಒಂದು ಆಧಾರಿಗೆ ಅಲ್ಲಿ ಒಂದೇ ಬ್ಯಾಂಕು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ದುಡ್ಡು ಬರೋದೇ ಇಲ್ಲ. ಬೇರೆ ಬ್ಯಾಂಕ್ ಇದ್ದರೆ ಅಲ್ಲಿಗೆ ಹೋಗಿ ಕೂರುತ್ತೆ. ಸಿಮ್ ಕೊಳ್ಳುವಾಗಲೋ, ಯಾವುದೋ ಆಪ್ ಹಾಕಿಕೊಳ್ಳುವಾಗಲೋ ಗೊತ್ತಿಲ್ಲದೆ ಹೆಬ್ಬೆಟ್ಟು ಕೊಟ್ಟು ತೆರೆದ ಖಾತೆ ಇದ್ದರೆ ಮ್ಯಾಪಿಂಗ್ ಸದ್ದಿಲ್ಲದೆ ಅದಕ್ಕೆ ವಾಲಿರಬಹುದು. ಊರಿನ ಬ್ಯಾಂಕಿನ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುತ್ತಾ ಕಾಯ್ತಾ ಇರೋದು, ದುಡ್ಡು ಇನ್ನೆಲ್ಲೋ ಇರೋದು. ಶಾಲೆಯಲ್ಲಿದ್ದಾಗ ತೆರೆಸಿದ ಸ್ಮಾಲ್ ಅಕೌಂಟ್ ಆದರೆ ಇನ್ನೊಂದು ತಾಪತ್ರಯ. ಅದರಲ್ಲಿ ಬಾಕಿ 50,000 ರೂಪಾಯಿ ದಾಟುವಂತಿಲ್ಲ, ವರ್ಷಕ್ಕೆ ಜಮಾ 1 ಲಕ್ಷ ದಾಟುವಂತಿಲ್ಲ. ಎರಡು ವರ್ಷ ಯಾವ ವ್ಯವಹಾರವೂ ಇಲ್ಲದಿದ್ದರೆ ಸಾಮಾನ್ಯವಾಗಿ ಖಾತೆ ನಿಷ್ಕ್ರಿಯ ಆಗುತ್ತೆ.

ನೋಡೋದು ಹೇಗೆ: ಮೈಆಧಾರ್ ವೆಬ್‌ಸೈಟಿಗೆ ಓಟಿಪಿಯಿಂದ ಲಾಗಿನ್ ಆಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು, ಆಕ್ಟಿವ್ ಹೌದೋ ಅಲ್ಲವೋ, ಕೊನೆಗೆ ಬದಲಾದ ತಾರೀಕು ಮೂರೂ ಕಾಣುತ್ತೆ. ಬ್ಯಾಂಕ್ ತಪ್ಪಿದ್ದರೆ ನಿಮಗೆ ಬೇಕಾದ ಬ್ರಾಂಚಿಗೆ ಹೋಗಿ 'ಆಧಾರ್ ಲಿಂಕ್ ಮಾಡಿ' ಅನ್ನಬೇಡಿ. ಆಗಲೇ ಆಗಿದೆ ಅಂತ ಹೇಳಿ ಕಳಿಸ್ತಾರೆ, ಅವರ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. 'ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಬೇಕು, ಒಪ್ಪಿಗೆ ಫಾರಂ ಕೊಡಿ' ಅನ್ನಿ. ಫಾರಂನಲ್ಲಿ ಹಿಂದಿನ ಬ್ಯಾಂಕಿನಿಂದ ಇಲ್ಲಿಗೆ ಬದಲಿಸಿ ಅನ್ನುವ ಕಡೆ ಟಿಕ್ ಹಾಕಿ, ಸೀಲು ಹಾಕಿದ ಸ್ವೀಕೃತಿ ಇಸ್ಕೊಂಡು ಬನ್ನಿ. ಆಮೇಲೆ ಅದೇ ವೆಬ್‌ಸೈಟಿನಲ್ಲಿ ಮತ್ತೆ ನೋಡಿ. ಬ್ಯಾಂಕಿನವರ ಬಾಯಿಮಾತು ಸಾಲದು.

ಓಟಿಪಿ ಅಂದೆ. ಹೆಚ್ಚಿನ ಮನೆಗಳಲ್ಲಿ ಮಗಳ ಆಧಾರಿಗೆ ಇರೋದು ಅಪ್ಪನ ನಂಬರು. ಅಪ್ಪ ತೋಟದಲ್ಲಿ, ತೋಟದಲ್ಲಿ ಟವರ್ ಇಲ್ಲ, ಇಲ್ಲಿ ಸೈಬರಿನಲ್ಲಿ ಹತ್ತು ನಿಮಿಷಕ್ಕೆ ಓಟಿಪಿ ಸತ್ತುಹೋಗುತ್ತೆ. ಅಡ್ಮಿಷನ್ನಿಗೆ ಮುಂಚೆಯೇ ಆಧಾರ್ ಕೇಂದ್ರಕ್ಕೆ ಹೋಗಿ ತಂಗಿಯ ಸ್ವಂತ ನಂಬರು ಹಾಕಿಸಿ, ಮೂರು ವರ್ಷ ಆ ಸಿಮ್ ಬಿಡಬಾರದು.

ಅದೇ ಹೊತ್ತಿಗೆ ಹೆಸರೂ ನೋಡಿಬಿಡಿ. ಮಾರ್ಕ್ಸ್ ಕಾರ್ಡಿನಲ್ಲಿ 'ಸಹನಾ ಕೆ ಆರ್', ಆಧಾರಿನಲ್ಲಿ 'ಸಹನ ಕೊಳವಳ್ಳಿ ರಾಜಪ್ಪ', ಜಾತಿ-ಆದಾಯ ಪತ್ರದಲ್ಲಿ ಬರೀ 'ಸಹನಾ'. ಮನುಷ್ಯರಿಗೆ ಮೂರೂ ಒಬ್ಬಳೇ, ಪೋರ್ಟಲ್ಲಿಗೆ ಮೂವರು. ಮಾರ್ಕ್ಸ್ ಕಾರ್ಡ್ ತಿದ್ದಿಸೋದು ದೊಡ್ಡ ರಾಮಾಯಣ. ಅದಕ್ಕೇ ಅದನ್ನು ಮೂಲ ಅಂತ ಹಿಡಿದು ಆಧಾರನ್ನು ಅದರಂತೆ ಮಾಡಿಸಿ, ಆಮೇಲೆ ನಾಡಕಚೇರಿಯಲ್ಲಿ ಪತ್ರ ತೆಗೆಸಿ. ಈ ಕ್ರಮ ತಿರುಗಿಸಿದರೆ ಎರಡೆರಡು ಸಲ ಅಲೆದಾಟ. ಆದಾಯ ಪತ್ರ ಐದು ವರ್ಷಕ್ಕೆ ಮಾತ್ರ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಡಿಗ್ರಿ ಮೊದಲ ವರ್ಷದ ಆಸುಪಾಸಿನಲ್ಲಿ ಮುಗಿದಿರುತ್ತೆ, ತಾರೀಕು ನೋಡಿ.

ಕೌಂಟರಿನ ಕೆಲಸ ಬರೋದು ಇಲ್ಲಿಂದ. ವ್ಯಾಸಂಗ ಪತ್ರ, ಫೀಸಿನ ರಸೀದಿ ಇವುಗಳನ್ನು ಪೋರ್ಟಲ್ಲಿನಲ್ಲಿ ಅಪ್‌ಲೋಡ್ ಮಾಡಿದ ಮೇಲೆ ಕಾಲೇಜಿನಲ್ಲಿ ಅದಕ್ಕಂತಲೇ ನೇಮಿಸಿದ ಒಬ್ಬರು ಇ-ಅಟೆಸ್ಟೇಷನ್ ಮಾಡಬೇಕು. ಆಗಲೇ ಒಂದು ಐಡಿ ಬರೋದು, ಆ ಐಡಿ ಇಲ್ಲದೆ ಅರ್ಜಿ ಮುಂದೆ ಹೋಗಲ್ಲ. ಇದರ ಜೊತೆಗೆ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಅಂತ ಇನ್ನೊಂದು ಬೇಕು, ಅದು ಯುಯುಸಿಎಂಎಸ್ ಅನ್ನುವ ರಾಜ್ಯದ ಅಡ್ಮಿಷನ್-ಪರೀಕ್ಷೆ ಪೋರ್ಟಲ್ಲಿನಿಂದ ಬರೋದು. ಕಾಲೇಜಿನವರು ಅಡ್ಮಿಷನ್ ಅಪ್ರೂವ್ ಮಾಡೋದು ತಡವಾದರೆ ಅದೂ ತಡ. ಅದಕ್ಕೇ ಕಾಲೇಜು ನೋಡಲು ಹೋದ ದಿನ ಕ್ಯಾಂಪಸ್ ಸುತ್ತೋದಕ್ಕಿಂತ ಆಫೀಸಿನ ಮುಂದೆ ಅರ್ಧ ಗಂಟೆ ನಿಂತುಕೊಳ್ಳಿ. 'ಸ್ಕಾಲರ್‌ಶಿಪ್ ಯಾರು ನೋಡ್ಕೋತಾರೆ?' ಅಂತ ಕೇಳಿ. ಒಂದು ಹೆಸರು, ಒಂದು ಟೇಬಲ್ ತೋರಿಸಿದರೆ ಒಳ್ಳೆ ಕಾಲೇಜು. 'ನೋಟಿಸ್ ಬೋರ್ಡಿಗೆ ಹಾಕ್ತೀವಿ' ಅಂದರೆ ಯೋಚನೆ ಮಾಡಿ. ಎರಡು ಕಾಲೇಜು ತೂಗೋದಕ್ಕೆ ನನ್ನ ಪ್ರಕಾರ ಇದೊಂದೇ ಪ್ರಶ್ನೆ ಸಾಕು.

ಮನೆಯಲ್ಲಿ ತೋಟ ಗದ್ದೆ ಇದ್ದರೆ ರೈತರ ಮಕ್ಕಳಿಗೆ ಅಂತ 2021ರಲ್ಲಿ ಶುರುವಾದ ವಿದ್ಯಾರ್ಥಿವೇತನ, ರೈತ ವಿದ್ಯಾನಿಧಿಯನ್ನೂ ನೋಡಿ. ಬಿಎ, ಬಿಎಸ್ಸಿ, ಬಿಕಾಂ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಅಂತ ಆಗ ಇಟ್ಟಿದ್ದರು. ಇದಕ್ಕೆ ಬೇಕಾದ್ದು ಅಪ್ಪ ಅಥವಾ ಅಮ್ಮನ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ಪೋರ್ಟಲ್ಲಿನಲ್ಲಿ ರೈತರಿಗೆ ಕೊಡುವ ನೋಂದಣಿ ಸಂಖ್ಯೆ. ಮಲೆನಾಡಿನಲ್ಲಿ ಇದು ಎಡವೋದು ಎರಡು ಕಡೆ. ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ, ಪೌತಿ ಖಾತೆ ಆಗಿಲ್ಲ. ಅಥವಾ ಸಾಗುವಳಿ ಬಗರ್ ಹುಕುಂ, ಪಹಣಿಯೇ ಇಲ್ಲ. ಮೊದಲನೆಯದಕ್ಕೆ ದಾರಿ ಇದೆ, ಈ ವರ್ಷವೇ ಪೌತಿಗೆ ಕೊಡಿ. ಎರಡನೆಯದಕ್ಕೆ ಕಾಲೇಜಿನಿಂದ ಏನೂ ಆಗಲ್ಲ.

ಹಾಸ್ಟೆಲ್. ಮೇ ತಿಂಗಳ ಬಿಸಿಲಲ್ಲಿ ನೋಡಿದರೆ ಎಲ್ಲ ಹಾಸ್ಟೆಲ್ಲೂ ಚಂದ. ಜುಲೈ ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿ. ಮೊದಲು ಛಾವಣಿ ಮೇಲಿನ ಸೋಲಾರ್. 100 ಲೀಟರಿನದ್ದು ಒಂದು ಮನೆಯ ಮೂರ್ನಾಲ್ಕು ಜನಕ್ಕೆ ಸರಿ. 60 ಹುಡುಗಿಯರು ತಲೆಗೆ 20-25 ಲೀಟರ್ ಬಿಸಿನೀರು ಬಳಸಿದರೂ ದಿನಕ್ಕೆ 1,200ರಿಂದ 1,500 ಲೀಟರ್ ಬೇಕು. ಮೋಡ ಕವಿದ ವಾರದಲ್ಲಿ ಅದೂ ಕಾಯಲ್ಲ. ಆದ್ದರಿಂದ 'ಸೋಲಾರ್ ಇದೆಯಾ' ಅಂತ ಕೇಳಬೇಡಿ, 'ಮಳೆಗಾಲಕ್ಕೆ ಏನು ಮಾಡ್ತೀರಿ' ಅಂತ ಕೇಳಿ. ಕಟ್ಟಿಗೆ ಒಲೆಯ ಹಂಡೆ ಇದ್ದರೆ ಅದಕ್ಕಿಂತ ಭರವಸೆಯದು ಇಲ್ಲ.

ಎರಡನೆಯದು ಬಟ್ಟೆ ಒಣಗಿಸುವ ಜಾಗ. ತಗಡಿನ ಮಾಡಿನ ಕೆಳಗೆ, ಎರಡು ಕಡೆ ಗಾಳಿ ಆಡುವ ಹಾಗೆ ಹಗ್ಗ ಕಟ್ಟಿರಬೇಕು. ಅದಿಲ್ಲದ ಕಡೆ ಮಕ್ಕಳು ರೂಮಿನ ಫ್ಯಾನಿನ ಕೆಳಗೇ ಒಣಗಿಸ್ತಾರೆ. ಆ ತೇವ ಗೋಡೆಗೆ ಕೂತು, ಗೋಡೆಗೆ ಒತ್ತಿಸಿಟ್ಟ ಕಪಾಟಿನೊಳಗಿನ ಪುಸ್ತಕಕ್ಕೆ ಬೂಷ್ಟು ಹತ್ತುತ್ತೆ. ಒಳಗೆ ಹೋದಾಗ ಕಪಾಟಿನ ಹಿಂದಿನ ಗೋಡೆ ಮುಟ್ಟಿ ನೋಡಿ, ಹೊಸ ಸುಣ್ಣ ಬಳಿದಿದ್ದರೂ ಕೈಗೆ ಗೊತ್ತಾಗುತ್ತೆ. ಮೂರನೆಯದು, ರಾತ್ರಿ ಕರೆಂಟು ಹೋದರೆ ಓದುವ ಹಾಲಿಗಾದರೂ ಇನ್ವರ್ಟರ್ ಇದೆಯಾ. ಊಟದ ಬಗ್ಗೆ ವಾರ್ಡನ್ ಸಿಸ್ಟರನ್ನು ಕೇಳಿ ಪ್ರಯೋಜನ ಇಲ್ಲ, ಎರಡನೇ ವರ್ಷದ ಹುಡುಗಿಯರನ್ನು ಕೇಳಿ.

ಇನ್ನೊಂದು ಗಮನದಲ್ಲಿರಲಿ. ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟರೆ ಅದು ಎಷ್ಟೋ ಸಲ ಶಾಲೆಗೆ, ಪಿಯುಗೆ ಮಾತ್ರ. ಡಿಗ್ರಿ ಕ್ಲಾಸು ನಡೀತಾ ಇರುತ್ತೆ, ಹಾಜರಿ ಶೇ. 75 ಬೇಕು. ಹೊಸನಗರದಿಂದ ದಿನಾ ಓಡಾಡಿಸುವ ಯೋಚನೆ ಇದ್ದರೆ ಬಿಡಿ ಅಂತಲೇ ನನ್ನ ಅಭಿಪ್ರಾಯ. ಆದರೂ ಓಡಾಡೋದೇ ಆದರೆ, 2023ರ ಜೂನ್‌ನಿಂದ ಇರುವ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆಯ ರೂಟುಗಳಲ್ಲಿ ಜಾಸ್ತಿ ಇರೋದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತಗೊಳ್ಳಲೇಬೇಕು. ರಿಪ್ಪನ್‌ಪೇಟೆ ಕಡೆಯವರಾದರೆ ಅರಸಾಳು ಸ್ಟೇಷನ್ ಹತ್ತಿರ ಆಗುತ್ತೆ. ತಾಳಗುಪ್ಪ ಲೈನಿನಲ್ಲಿ ಅಲ್ಲಿ ನಿಲ್ಲುವ ರೈಲಿನ ಹೊತ್ತು ಕಾಲೇಜಿಗೆ ಹೊಂದುತ್ತಾ ನೋಡಿಕೊಳ್ಳಿ. ಹೊಂದಿದರೆ ಒಂದು ಲಾಭ ಇದೆ. ಪದವಿವರೆಗೆ ಓದುವ ಹುಡುಗಿಯರಿಗೆ ಮನೆಯಿಂದ ಕಾಲೇಜಿಗೆ ಎರಡನೇ ದರ್ಜೆಯ ತಿಂಗಳ ಪಾಸ್ ಅನ್ನು ರೈಲ್ವೆ ಪುಕ್ಕಟೆ ಕೊಡುತ್ತೆ. ಪ್ರಿನ್ಸಿಪಾಲರ ಸಹಿಯ ಪ್ರಮಾಣಪತ್ರ ಬೇಕು. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಲೈಬ್ರರಿಯಲ್ಲಿ ಎಷ್ಟು ಸಾವಿರ ಪುಸ್ತಕ ಇದೆ ಅನ್ನೋದು ಲೆಕ್ಕಕ್ಕಿಲ್ಲ. ಎನ್-ಲಿಸ್ಟ್ ಚಂದಾ ಇದೆಯಾ ಕೇಳಿ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಆನ್‌ಲೈನ್ ಲೈಬ್ರರಿ ವ್ಯವಸ್ಥೆ ಅದು. ಕಾಲೇಜು ವರ್ಷಕ್ಕೊಂದು ಸಣ್ಣ ಮೊತ್ತ ಕಟ್ಟಿದರೆ ಮಕ್ಕಳಿಗೆ ಸಾವಿರಾರು ಜರ್ನಲ್ಲು, ಲಕ್ಷಕ್ಕೂ ಹೆಚ್ಚು ಇ-ಪುಸ್ತಕ ಮನೆಯಲ್ಲಿ ಕೂತು ಓದಲು ಸಿಗುತ್ತೆ. ಕಾಲೇಜು ದುಡ್ಡು ಕಟ್ಟಿರುತ್ತೆ, ಆದರೆ ಲೈಬ್ರೇರಿಯನ್ ಮಕ್ಕಳ ಇಮೇಲ್ ಸೇರಿಸಿ ಐಡಿ ಮಾಡಿಕೊಟ್ಟಿರಲ್ಲ. ಕೇಳಿದರೆ ಮಾಡಿಕೊಡ್ತಾರೆ, ಕೇಳುವವರೇ ಇಲ್ಲ.

ಕೌನ್ಸೆಲಿಂಗ್ ಈ ಕಾಲೇಜುಗಳ ಹೆಮ್ಮೆ, ಕೆಲವು ಕಡೆ ನಿಜಕ್ಕೂ ಚೆನ್ನಾಗಿದೆ. ಆದರೆ ಕೌನ್ಸೆಲರ್ ಸಿಸ್ಟರೇ ಹಾಸ್ಟೆಲ್ ವಾರ್ಡನ್ನೂ ಆಗಿದ್ದರೆ ಅದನ್ನು ಸೌಲಭ್ಯ ಅಂತ ನಾನು ಎಣಿಸಲ್ಲ. ರಾತ್ರಿ ಗೇಟಿನ ಕೀ ಇಟ್ಟುಕೊಂಡವರ ಹತ್ತಿರ ಯಾವ ಹುಡುಗಿ ಮನಸ್ಸು ಬಿಚ್ಚಿ ಮಾತಾಡ್ತಾಳೆ? ಹೊರಗಿನ ದಾರಿ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ರ‍್ಯಾಗಿಂಗ್ ಆದರೆ 1800-180-5522.

ಫೀಸು ಕಟ್ಟುವ ಮುಂಚೆ ಎರಡು ಮಾತು. 'ಫಾದರ್ ಹತ್ತಿರ ಮಾತಾಡಿದ್ದೀವಿ, ಕಡಿಮೆ ಮಾಡ್ತಾರೆ' ಅನ್ನೋದು ಬಾಯಿಮಾತಲ್ಲಿ ಉಳಿಯಬಾರದು. ಪ್ರಾಂಶುಪಾಲರ ಹೆಸರಿಗೆ ಅರ್ಜಿ, ಜೊತೆಗೆ ಆದಾಯ ಪತ್ರ, ಎಷ್ಟು ಕಡಿಮೆ, ಎಷ್ಟು ಕಂತು ಅಂತ ಅದರ ಮೇಲೇ ಬರೆಸಿ ಸಹಿ ಹಾಕಿಸಿ. ಮುಂದಿನ ವರ್ಷ ಆ ಫಾದರಿಗೆ ವರ್ಗಾವಣೆ ಆಗಿರಬಹುದು.

ಮಾರ್ಕ್ಸ್ ಕಾರ್ಡಿನ ಒರಿಜಿನಲ್ ತೋರಿಸಿ ವಾಪಸ್ ತಗೊಳ್ಳಿ. ಟಿಸಿ ಕೊಡಲೇಬೇಕು, ಉಳಿದ ಒರಿಜಿನಲ್ಲುಗಳನ್ನು ಇಟ್ಟುಕೊಳ್ಳಬಾರದು ಅಂತ ಯುಜಿಸಿ ಹೇಳಿದೆ. 2018ರ ಅದೇ ಸುತ್ತೋಲೆಯಲ್ಲಿ ಫೀಸ್ ವಾಪಸಾತಿಯ ಲೆಕ್ಕವೂ ಇದೆ. ಅಡ್ಮಿಷನ್ನಿನ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ ಫೀಸು, ಅದರಲ್ಲಿ ಪ್ರೊಸೆಸಿಂಗಿಗೆ ಅಂತ ಶೇ. 5, ಹೆಚ್ಚೆಂದರೆ 5,000 ಮುರಿದುಕೊಳ್ಳಬಹುದು. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಾಗ ಬಿಟ್ಟರೆ ಶೇ. 90, ಕೊನೆಯ ದಿನ ಕಳೆದು 15 ದಿನದವರೆಗೆ ಶೇ. 80, 16ರಿಂದ 30ನೇ ದಿನದವರೆಗೆ ಶೇ. 50, ಆಮೇಲೆ ಸೊನ್ನೆ. ಎರಡೂ ಕಾಲೇಜಿಗೆ ದುಡ್ಡು ಕಟ್ಟಿ ಆಮೇಲೆ ಒಂದನ್ನು ಬಿಡೋಣ ಅನ್ನುವ ಲೆಕ್ಕಾಚಾರ ನಿಮ್ಮದಾದರೆ, ಆ ಕೊನೆಯ ದಿನ ಯಾವುದು ಅಂತ ರಸೀದಿ ಇಸ್ಕೊಳ್ಳುವಾಗಲೇ ಬರೆಸಿಕೊಳ್ಳಿ.